ಎಂಟು ಯಾವಾಗ ಎಂಟಲ್ಲ?

ಏಪ್ರಿಲ್ 9, 1994, ಶನಿವಾರ

ತಿಂದದ್ದು: ಮೊಟ್ಟೆ ಎರಡು, ಪ್ಯಾನ್‌ಕೇಕ್ ಎರಡು. ಒಂದಕ್ಕೊಂದು ಅಂಟಿಕೊಂಡಿದ್ದನ್ನು ಒಂದೇ ಅಂತ ಹಿಡಿದರೆ ಎರಡು.

ಬಾಯೊಳಗೆ ಹೋದದ್ದನ್ನೆಲ್ಲ ಬರೆದಿಡು ಎಂದು ಸಕ್ಕರೆ ಕಾಯಿಲೆ ಡಾಕ್ಟರು ಈ ಪುಸ್ತಕ ಕೊಟ್ಟಿದ್ದಾರೆ. ಬಾಯಿಂದ ಹೊರಗೆ ಬಂದದ್ದನ್ನೂ ಬರೀಲಾ ಎಂದು ಕೇಳಿದೆ. ಅದಕ್ಕೆ ಇಷ್ಟು ಹಾಳೆ ಎಲ್ಲಿ ಸಾಕಾಗುತ್ತೆ ಎಂದಳು ಪಕ್ಕದಲ್ಲಿ ಕೂತಿದ್ದ ಓಪಲ್. ನನ್ನನ್ನು ಕಟ್ಟಿಕೊಂಡು ಅವಳಿಗೆ ಬಂದ ಒಂದೇ ಲಾಭ ಅಂದರೆ ಬಾಯಿ.

ಇವತ್ತು ಕಾರು ಓಟದ ಮೈದಾನದಲ್ಲಿ ಡ್ರೈವರುಗಳ ವರ್ಷದ ತಪಾಸಣೆ. ಅಲ್ಲಿಯ ಡಾಕ್ಟರು ನನ್ನ ಬಲಗಣ್ಣಿಗೆ ಲೈಟು ಬಿಟ್ಟು ತುಂಬ ಹೊತ್ತು ನೋಡಿದರು. ಒಳಗೆ ಯಾರಾದರೂ ಇದ್ದಾರಾ ಡಾಕ್ಟ್ರೇ ಎಂದು ಕೇಳಿದೆ. ರಕ್ತ ಒಸರಿದೆ ಎಂದರು. ನನ್ನ ಓಟದ ಪರವಾನಗಿಯನ್ನು ಎರಡು ಹೋಳು ಮಾಡಿ ಬುಟ್ಟಿಗೆ ಹಾಕಿದರು. ಒಂದು ಹೋಳು ನನಗೆ ಕೊಡಿ, ಒಂದು ಕಣ್ಣಿಗೆ ಅರ್ಧ ಪರವಾನಗಿ ಸಾಕು ಎಂದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಡಬ್ ಅಂತೂ ಗೋಡೆಗೆ ಒರಗಿಕೊಂಡು ನಕ್ಕ. ಡಬ್ ನಮ್ಮ ಟೈರು ನೋಡಿಕೊಳ್ಳುವವನು. ನಾನು ಕೆಮ್ಮಿದರೂ ನಗುತ್ತಾನೆ.

ಮಧ್ಯಾಹ್ನ ಆರ್ಡಿತಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಕಾರು ಅವರದ್ದು. ಅತ್ತೆಯ ಹೆಸರು ಇಟ್ಟಿದ್ದಾರೆ ಅದಕ್ಕೆ, ಗ್ಲಾಡಿಸ್ ಅಂತ. ಹೊಗೆ ಬಿಡುವುದರಲ್ಲೂ ಕಿರುಚುವುದರಲ್ಲೂ ಇಬ್ಬರೂ ಒಂದೇ ಅನ್ನುತ್ತಾರೆ. ಅವರ ಗಂಡ ಹಾರ್ಲನ್ ಬದುಕಿದ್ದ ಕಾಲದಿಂದ ಗ್ಲಾಡಿಸ್‌ನ ಸೀಟಿನಲ್ಲಿ ನನ್ನದು ಬಿಟ್ಟು ಬೇರೆ ಕುಂಡೆ ಕೂತಿಲ್ಲ. ಇನ್ನು ಮೇಲೆ ಕೋಯ್ ಕೂರುತ್ತಾನಂತೆ.

ಕೋಯ್ ನನ್ನ ಷಡ್ಡಕ. ಓಪಲ್‌ನ ತಂಗಿ ಟ್ವೈಲಾಳ ಗಂಡ. ನಿನ್ನೆ ಮೊನ್ನೆವರೆಗೂ ಸಿಟಿಯಲ್ಲಿ ಜಪಾನಿ ಕಾರು ರಿಪೇರಿ ಮಾಡಿಕೊಂಡಿದ್ದ. ಕೈ ಒರೆಸಿಕೊಂಡೇ ಕೈ ಕುಲುಕುವ ಜಾತಿ.

"ಅಣ್ಣ, ನಿನಗೆ ಬೇಜಾರಿದ್ರೆ ನಾನು ಕೂರಲ್ಲ," ಎಂದ.

"ಬೇಜಾರ್ಯಾಕೆ? ಸೀಟು ಬೆಚ್ಚಗೆ ಮಾಡಿಟ್ಟಿದ್ದೀನಿ, ಕೂತ್ಕೊ ರಾಜ," ಎಂದೆ.

ಎಲ್ಲರೂ ನಕ್ಕರು. ಒಳ್ಳೇ ದಿನ.

ಮೇ 14, ಶನಿವಾರ

ತಿಂದದ್ದು: ಹುರುಳಿಕಾಯಿ. ಡಾಕ್ಟರು ಓದಿದರೆ ಖುಷಿಯಾಗಲಿ ಅಂತ ಬರೆದಿದ್ದೇನೆ.

ಆರ್ಡಿತಮ್ಮ ಇವತ್ತು ಶೆಡ್ಡಿನ ಹಿಂದಿನ ಟಾರ್ಪಾಲು ತೆಗೆಸಿದರು. ಹಾರ್ಲನ್ ತನ್ನ ಕೊನೆಯ ಚಳಿಗಾಲದಲ್ಲಿ ಕೂತು ಕಟ್ಟಿದ ದೊಡ್ಡ ಎಂಜಿನ್ ಅದರಡಿ ಇತ್ತು. ಒಂದು ಸಲವೂ ಚಾಲೂ ಮಾಡಿರಲಿಲ್ಲ. ಅದನ್ನು ಗ್ಲಾಡಿಸ್‌ಗೆ ಕೂರಿಸಿ ಎಂದರು. ಎಂಜಿನ್ನಿನ ತಲೆ ಮೇಲಿನ ಮುಚ್ಚಳದ ಒಳಗೆ ಆತನ ಹೆಬ್ಬೆರಳಿನ ಗ್ರೀಸ್ ಗುರುತು ಹಾಗೇ ಇದೆ. ಒರೆಸಬೇಡಿ ಎಂದರು.

"ಇದು ಹೋದ್ರೆ ಇನ್ನೊಂದಿಲ್ಲ ಕಣ್ರೋ. ಇಂಥದ್ದು ಇನ್ನೊಂದು ಮಾಡ್ಕೊಡು ಅಂತ ಕೇಳೋಕೆ ಆತನೂ ಇಲ್ಲ."

ಎಂಜಿನ್ ದೊಡ್ಡದಾದರೆ ಅದರ ಬಾಯೂ ದೊಡ್ಡದು. ಹಳೇ ಪೆಟ್ರೋಲ್ ಪೈಪು ಸಾಲುವುದಿಲ್ಲ. ಪೈಪು ಸಣ್ಣದಾದರೆ ಓಟದ ತುದಿಯಲ್ಲಿ ಎಂಜಿನ್ ಉಪವಾಸ ಬೀಳುತ್ತದೆ, ಒಳಗಿನ ಬಿಸಿ ಏರಿ ಪಿಸ್ಟನ್ ಮೇಣದ ಹಾಗೆ ಕರಗುತ್ತದೆ. ಇದು ನಮ್ಮಲ್ಲಿ ಮೂರನೇ ಕ್ಲಾಸು ಫೇಲಾದವನಿಗೂ ಗೊತ್ತು. ನಾನು ಏಳನೇ ಕ್ಲಾಸು ಫೇಲು.

ಕೋಯ್‌ಗೆ ಗೊತ್ತಿರಲಿಲ್ಲ. ಬಂದು ಕೇಳಿದ.

"ಅಣ್ಣ, ಇದಕ್ಕೆ ಎಷ್ಟರ ಪೆಟ್ರೋಲ್ ಪೈಪು ಹಾಕ್ಲಿ?"

"ಎಂಟು," ಎಂದೆ.

ಅಂಗೈ ಮೇಲೆ 8 ಎಂದು ಬರೆದುಕೊಂಡು ಹೋದ.

ಇದರಲ್ಲಿ ತಮಾಷೆ ಏನೆಂದರೆ, ಓಟದ ಕಾರಿನವರ ಲೆಕ್ಕದಲ್ಲಿ ಇಂಚನ್ನು ಹದಿನಾರು ಪಾಲು ಮಾಡುತ್ತೇವೆ. ಎಂಟು ಅಂದರೆ ಅರ್ಧ ಇಂಚು, ಕಿರುಬೆರಳು ತೂರುವಷ್ಟು. ಜಪಾನಿ ಗ್ಯಾರೇಜಿನವನಿಗೆ ಎಂಟು ಅಂದರೆ ಎಂಟು ಮಿಲಿಮೀಟರ್, ಪೆನ್ಸಿಲು ತೂರುವಷ್ಟು. ಅವನು ಬರೆದುಕೊಳ್ಳುವಾಗಲೇ ನನಗೆ ಹೊಳೆಯಿತು. ನಾನು ಸುಳ್ಳು ಹೇಳಿಲ್ಲ. ಎಂಟೇ ಬೇಕು. ಎಂಟೇ ಹೇಳಿದ್ದು.

ಮೇ 17, ಮಂಗಳವಾರ

ತಂದ. ಎಂಟು ಮಿಲಿಮೀಟರಿನ ರಬ್ಬರು ಪೈಪು. ಎರಡೂ ತುದಿಗೆ ಅದೆಲ್ಲಿಂದಲೋ ಜೋಡಿಸುವ ಕೊಳವೆ ಹುಡುಕಿ, ಕ್ಲಿಪ್ಪು ಹಾಕಿ, ಮದುವೆ ಹೆಣ್ಣಿಗೆ ಸಿಂಗಾರ ಮಾಡಿದ ಹಾಗೆ ಮಾಡಿದ್ದಾನೆ. ಗ್ಲಾಡಿಸ್ ಕಾರೆತ್ತುವ ಲಿಫ್ಟಿನ ಮೇಲಿದ್ದಳು. ನಾನು ಕೆಳಗೆ ನಿಂತು ಇರುವ ಒಂದೂವರೆ ಕಣ್ಣಲ್ಲಿ ಎಲ್ಲ ನೋಡಿದೆ.

ಹೇಳೋಣ ಅಂತ ಬಾಯಿ ತೆರೆದೆ. ಬಾಯಲ್ಲಿ ಸ್ಯಾಂಡ್‌ವಿಚ್ ಇತ್ತು. ನುಂಗುವ ಹೊತ್ತಿಗೆ ಅವನು ಕ್ಲಿಪ್ಪು ಬಿಗಿ ಮಾಡಿ ಮುಗಿಸಿದ್ದ.

ಜೂನ್ ಮೊದಲ ಶನಿವಾರ ಓಟದ ಮಧ್ಯದಲ್ಲಿ ಕಾರು ಕೆಮ್ಮುತ್ತದೆ, ಕುಂಟುತ್ತದೆ, ಎಲ್ಲರೂ ನೋಡುತ್ತಾರೆ. ಆಗ ಹೇಳಿದರಾಯಿತು. ಕುಂಟಿದರೆ ಯಾರಿಗೇನು ನಷ್ಟ? ಹೇಳಬೇಕಾದ ಮಾತೂ ರೆಡಿ ಇದೆ: ರಾಜ, ಇದು ಎಂಜಿನ್ನು, ಸ್ಟ್ರಾ ಹಾಕಿಕೊಂಡು ಕುಡಿಯಲ್ಲ.

ಜೂನ್ 4, ಶನಿವಾರ

ಗೆದ್ದುಬಿಟ್ಟ.

ನನ್ನ ಬುದ್ಧಿಗೆ ಇದು ಹೊಳೆದಿರಲಿಲ್ಲ. ನಮ್ಮ ಮೈದಾನದ ಓಟ ನೇರ ದಾರಿಯಲ್ಲಿ ಒಂದೇ ಫರ್ಲಾಂಗು. ಕಾರ್ಬ್ಯುರೇಟರಿನ ಬಟ್ಟಲಲ್ಲಿ ತುಂಬಿಕೊಂಡ ಪೆಟ್ರೋಲೇ ಅಷ್ಟು ದೂರಕ್ಕೆ ಸಾಕಾಗುತ್ತದೆ. ಬಟ್ಟಲು ಬರಿದಾಗುವ ಹೊತ್ತಿಗೆ ಓಟವೇ ಮುಗಿದಿರುತ್ತದೆ. ನನ್ನ ಮಾತು ಬಾಯಲ್ಲೇ ಉಳಿಯಿತು.

ಇನ್ನೂ ಕೇಳು. ಮೈಕಿನವನು ಕೋಯ್ ಬಾಯಿಗೆ ಮೈಕು ಹಿಡಿದರೆ, ಇದೆಲ್ಲ ನಮ್ಮ ಮರ್ಲಣ್ಣ ಹೇಳಿಕೊಟ್ಟದ್ದು ಅಂದ. ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ನಾಟಕದ ರಾಣಿಯ ಹಾಗೆ ಬಗ್ಗಿ ಕೈ ಮುಗಿದೆ. ನಕ್ಕರು.

ಓಪಲ್ ಮನೆಗೆ ಬರುವಾಗ ನನ್ನ ತೊಡೆ ಮೇಲೆ ಕೈ ಇಟ್ಟು, ಕೋಯ್‌ಗೆ ನೀನು ಅಂದ್ರೆ ಎಷ್ಟು ಗೌರವ ನೋಡು ಎಂದಳು. ಕೆಟ್ಟ ಸೆಖೆ ಇವತ್ತು.

ಜುಲೈ 4, ಸೋಮವಾರ

ತಿಂದದ್ದು: ಬರೆಯಲು ಪುಸ್ತಕ ಸಾಲದು. ಸ್ವಾತಂತ್ರ್ಯ ದಿನದ ಹಬ್ಬ.

ಆರ್ಡಿತಮ್ಮನ ಗುಜರಿ ಅಂಗಳದಲ್ಲಿ ಊಟ. ಸೆಪ್ಟೆಂಬರ್ ಮೊದಲ ವಾರ ನದಿಯಾಚೆಯ ದೊಡ್ಡ ಮೈದಾನಕ್ಕೆ ಗ್ಲಾಡಿಸ್ ಹೋಗುತ್ತಾಳೆ ಎಂದು ಅವರು ಹೇಳಿದರು. ಅಲ್ಲಿ ಓಟ ಎರಡು ಫರ್ಲಾಂಗು. ಹಾರ್ಲನ್‌ಗೆ ಅಲ್ಲಿ ಓಡಿಸಬೇಕೆಂಬ ಆಸೆ ಇತ್ತಂತೆ. ಎಲ್ಲರೂ ಗ್ಲಾಸು ಎತ್ತಿದರು. ಎರಡು ಫರ್ಲಾಂಗು ಅಂದಾಗ ನನಗೆ ಬಿಯರು ಮೂಗಿಗೆ ಬಂತು.

ತಡೆಯಲಾಗಲಿಲ್ಲ. ಒಂದು ಒಗಟು ಹಾಕಿದೆ. ಎಂಟು ಯಾವಾಗ ಎಂಟಲ್ಲ?

ಒಂಬತ್ತಾದಾಗ ಎಂದ ಡಬ್, ತನ್ನ ಉತ್ತರಕ್ಕೆ ತಾನೇ ನಕ್ಕ. ಮಲಗಿಕೊಂಡಾಗ ಎಂದಳು ಟ್ವೈಲಾ. 8 ಅನ್ನು ಅಡ್ಡ ಮಲಗಿಸಿದರೆ ಕನ್ನಡಕವಂತೆ. ಉತ್ತರ ಸೆಪ್ಟೆಂಬರಿನಲ್ಲಿ ಹೇಳುತ್ತೇನೆ ಎಂದೆ. ಒಬ್ಬೊಬ್ಬರ ಹತ್ತಿರವೂ ಹೋಗಿ ಕೇಳಿದೆ. ಎಲ್ಲರಿಗೂ ಮಜಾ. ಕೋಯ್ ಮಾತ್ರ ಜೋಳದ ತೆನೆ ಅಗಿಯುವುದನ್ನು ನಿಲ್ಲಿಸಿ ತನ್ನ ಅಂಗೈ ನೋಡಿಕೊಂಡ. ಬೆಣ್ಣೆ ಆಗಿತ್ತೇನೋ.

ಜುಲೈ 16, ಶನಿವಾರ

ಕೋಯ್ ಪೆಟ್ರೋಲ್ ಪೈಪಿಗೆ ಉದ್ದಕ್ಕೂ ಕಪ್ಪು ದಪ್ಪ ಬಟ್ಟೆಯ ಚೀಲ ತೊಡಿಸಿದ್ದಾನೆ. ಬಿಸಿ ತಾಗಬಾರದು ಅಂತ ಎಂದ. ಹಾವಿಗೆ ಕಾಲುಚೀಲ ಹಾಕಿದ್ದೀಯಲ್ಲೋ ಎಂದೆ. ಡಬ್ ನಗಲಿಲ್ಲ. ಹಲ್ಲುನೋವು ಇರಬೇಕು.

"ಅಣ್ಣ, ಕಾರು ಲಿಫ್ಟ್ ಮೇಲಿದೆ. ಒಂದ್ಸಲ ನೀನೇ ಪೂರ್ತಿ ನೋಡ್ಬಿಡು. ಏನಾದ್ರೂ ತಪ್ಪು ಮಾಡಿದ್ರೆ ಹೇಳು, ನನಗೇನೂ ಬೇಜಾರಿಲ್ಲ," ಎಂದ ಕೋಯ್.

ನನ್ನ ಕಣ್ಣಿಗೆ ತಪ್ಪು ಕಾಣಲ್ಲ ಕಣೋ, ಅದಕ್ಕೇ ಅಲ್ವಾ ಪರವಾನಗಿ ಹರಿದದ್ದು ಎಂದೆ. ಒಳ್ಳೇ ಮಾತು ಅದು. ವ್ಯರ್ಥವಾಯಿತು. ಕೋಯ್ ಲಿಫ್ಟು ಇಳಿಸಿದ.

ಆಗಸ್ಟ್ 6, ಶನಿವಾರ

ತಿಂದದ್ದು: ಟೋಸ್ಟ್. ಒಬ್ಬನೇ ಟ್ರಕ್ಕಿನಲ್ಲಿ ಕೂತು. ಶೆಡ್ಡಿನೊಳಗೆ ಎಲ್ಲರೂ ಮೇಜಿನ ಸುತ್ತ ಕೂತಿದ್ದರು, ನಾನು ಹೋದ ಕೂಡಲೇ ಎಲ್ಲರಿಗೂ ಒಂದೊಂದು ಕೆಲಸ ನೆನಪಾಯಿತು.

ಕೋಯ್ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನನ್ನ ಮುಂದೆ ಸಾಲಾಗಿ ಇಟ್ಟ. ಎಂಜಿನ್ ಉಪವಾಸ ಬೀಳುತ್ತಿದ್ದರೆ ಅವುಗಳ ತುದಿ ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಒಳ್ಳೇ ಕಣ್ಣಿನ ಹತ್ತಿರ ಹಿಡಿದು ನೋಡಿದೆ. ನನ್ನ ಟೋಸ್ಟಿನ ಬಣ್ಣವೇ. ಹೊಟ್ಟೆ ತುಂಬ ತಿಂದ ಎಂಜಿನ್ ಬಣ್ಣ. ಹೇಗೆ ಎಂದು ತಿಳಿಯಲಿಲ್ಲ. ಹಣೆಬರಹ ಚೆನ್ನಾಗಿರುವವರಿಗೆ ಪೆನ್ಸಿಲಿನ ತೂತಲ್ಲೂ ನದಿ ಹರಿಯುತ್ತೆ. ಆದರೆ ಇದು ಒಂದು ಫರ್ಲಾಂಗಿನ ಪ್ಲಗ್ಗು. ಎರಡು ಫರ್ಲಾಂಗು ಓಡಲಿ, ಆಮೇಲೆ ನೋಡೋಣ.

ಆರ್ಡಿತಮ್ಮ ಕುರ್ಚಿ ಎಳೆದುಕೊಂಡು ಎದುರು ಕೂತರು.

"ದೂರದ ಓಟಕ್ಕೆ ಏನಾದ್ರೂ ಬದಲಾಯಿಸ್ಬೇಕಾ ಮರ್ಲ್? ಇವ್ರಿಗ್ಯಾರಿಗೂ ಗೊತ್ತಾಗಲ್ಲ. ನೀನೇ ಹೇಳ್ಬೇಕು."

"ಡ್ರೈವರನ್ನ ಬದಲಾಯಿಸ್ಬೇಕು ಅಮ್ಮಾವ್ರೇ," ಎಂದೆ.

ಆಕೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಹಾರ್ಲನ್ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ಈ ಜನಕ್ಕೆ ಈ ವರ್ಷ ಏನಾಗಿದೆಯೋ.

ಆಗಸ್ಟ್ 20, ಶನಿವಾರ

ಮತ್ತೆ ಗೆದ್ದ. ಮತ್ತೆ ಮೈಕಿನಲ್ಲಿ ನನ್ನ ಹೆಸರು ಹೇಳಿದ. ಬೇಕೆಂತಲೇ ಹೇಳುತ್ತಾನೆ.

ಸೆಪ್ಟೆಂಬರ್ 3, ಶನಿವಾರ

ನಾಳೆ ದೊಡ್ಡ ಓಟ.

ಸಾಕಿದ ಬೆಕ್ಕು ಮನೆಯೊಳಗೆ ಹೇಲಲೆಂದು ಅಂಗಡಿಯಲ್ಲಿ ಮಾರುವ ಮಣ್ಣು ಎರಡು ಮೂಟೆ ತಂದು ಟ್ರಕ್ಕಿಗೆ ಹಾಕಿದೆ. ಎಂಜಿನ್ ಒಡೆದು ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿದರೆ ಅದೇ ಮಣ್ಣು ಹಾಕಿ ಹೀರಿಸುವುದು. ದೊಡ್ಡ ಪೊರಕೆಯನ್ನೂ ಇಟ್ಟಿದ್ದೇನೆ. ಎಲ್ಲರೂ ಬಾಯಿ ಬಿಟ್ಟು ನಿಂತಿರುವಾಗ ನಾನು ಮೂಟೆ ಹೆಗಲ ಮೇಲೆ ಹೊತ್ತುಕೊಂಡು ನಡೆದು ಬರುತ್ತೇನೆ. ಆಗ ಒಗಟಿಗೆ ಉತ್ತರ ಹೇಳುತ್ತೇನೆ. ಕನ್ನಡಿ ಮುಂದೆ ನಿಂತು ಹೇಗೆ ಹೇಳಬೇಕೆಂದು ನೋಡಿಕೊಂಡೆ. ಮುಖ ಗಂಭೀರ ಇರಬೇಕು. ನಗು ಮೊದಲು ಅವರಿಂದ ಬರಬೇಕು.

ನಮ್ಮ ಮನೆಯಲ್ಲಿ ಬೆಕ್ಕಿಲ್ಲವಲ್ಲ ಎಂದಳು ಓಪಲ್.

ಸೆಪ್ಟೆಂಬರ್ 4, ಭಾನುವಾರ

ತಿಂದದ್ದು: ಇಲ್ಲ.

ಇದನ್ನು ಸರಿಯಾಗಿ ಬರೆಯುತ್ತೇನೆ.

ಬೆಳಿಗ್ಗೆ ಓಪಲ್ ಐಸ್ ಪೆಟ್ಟಿಗೆ ತುಂಬುತ್ತ, ನನ್ನ ಕಡೆ ತಿರುಗದೆ ಕೇಳಿದಳು. "ಮರ್ಲ್, ಕೋಯ್ ಇವತ್ತು ಹುಷಾರಾಗಿ ಬರ್ತಾನೆ ತಾನೆ? ಟ್ವೈಲಾ ನಿದ್ದೆನೇ ಮಾಡಿಲ್ಲ."

"ಬರ್ತಾನೆ. ಯಾವ ದಿಕ್ಕಿಗೆ ಅಂತ ಮಾತ್ರ ಹೇಳಕ್ಕಾಗಲ್ಲ," ಎಂದೆ.

ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. ಅಷ್ಟೇ.

ಮೂರನೇ ಸರದಿಯಲ್ಲಿ ಗ್ಲಾಡಿಸ್ ಬಂದಳು. ನಾನು ಟ್ರ್ಯಾಕಿನ ತುದಿಯ ಕಡೆ ಬೇಲಿ ಪಕ್ಕ ಟ್ರಕ್ಕು ನಿಲ್ಲಿಸಿಕೊಂಡು, ಒಂದು ಮೂಟೆಯ ಬಾಯಿ ಬಿಚ್ಚಿ, ಬೆಂಕಿ ಆರಿಸುವ ಸಿಲಿಂಡರು ಕೈಯಲ್ಲಿ ಹಿಡಿದು ನಿಂತಿದ್ದೆ. ಹಸಿರು ದೀಪ ಬಿತ್ತು. ಒಂದು ಫರ್ಲಾಂಗು ದಾಟಿತು. ಈಗ ಬಟ್ಟಲು ಬರಿದು, ಈಗ ಎಂದುಕೊಂಡೆ. ಕಿವಿ ಇಡೀ ಅತ್ತ ಇಟ್ಟಿದ್ದೆ. ಈಗ. ಈಗ. ಒಂದು ಪಟ್ ಎಂಬ ಶಬ್ದಕ್ಕೆ, ಒಂದು ಎಳೆ ಬಿಳಿ ಹೊಗೆಗೆ ಕಾಯುತ್ತಿದ್ದೆ. ನನ್ನೆದುರಿಗೇ ದಾಟಿ ಹೋಯಿತು. ಹಾರ್ಲನ್ ಎಂಜಿನ್ ಅಷ್ಟು ಚಂದ ಹಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತುದಿಯವರೆಗೂ ಒಂದೇ ಸ್ವರ.

ನನಗೆ ಬಹಳ ನಿರಾಸೆಯಾಯಿತು. ಅಷ್ಟು ದೂರದಿಂದ ಮೂಟೆ ಹೊತ್ತು ತಂದಿದ್ದೆ.

ವಾಪಸು ನಮ್ಮ ಜಾಗಕ್ಕೆ ಹೋದರೆ ಎಲ್ಲರೂ ನನಗಾಗಿಯೇ ಕಾಯುತ್ತಿದ್ದರು. ಕೋಯ್ ಹೆಲ್ಮೆಟ್ಟು ತೆಗೆದು ಬಾನೆಟ್ಟಿನ ಮೇಲಿಟ್ಟ. ಬಗ್ಗಿ ಕಾರಿನ ಅಡಿಗೆ ಕೈ ಹಾಕಿ ಆ ಕಪ್ಪು ಚೀಲವನ್ನು ಸರ್ರನೆ ಹಿಂದಕ್ಕೆ ಎಳೆದ. ಒಳಗೆ ಬೆಳ್ಳಿ ಬಣ್ಣದ ತಂತಿ ಹೆಣಿಗೆಯ ದಪ್ಪ ಪೈಪು. ಅರ್ಧ ಇಂಚು. ನಮ್ಮ ಎಂಟು. ಆಮೇಲೆ ಉಪಕರಣದ ಪೆಟ್ಟಿಗೆಯಿಂದ ಹಳೇ ರಬ್ಬರು ಪೈಪಿನ ಒಂದು ತುಂಡು ತೆಗೆದು ನನ್ನ ಅಂಗಿ ಜೇಬಿಗೆ ಪೆನ್ನು ಸಿಕ್ಕಿಸಿದ ಹಾಗೆ ಸಿಕ್ಕಿಸಿದ.

"ಒಗಟಿಗೆ ಉತ್ತರ ಸಿಕ್ತು ಅಣ್ಣ. ಎಂಟು ಯಾವಾಗ ಎಂಟಲ್ಲ ಅಂದ್ರೆ, ನೀನು ಹೇಳಿದಾಗ."

ಡಬ್ ನಕ್ಕ. ಜುಲೈನಿಂದ ಕೂಡಿಟ್ಟುಕೊಂಡಿದ್ದನೋ ಏನೋ, ಬಗ್ಗಿ ಮಂಡಿ ಹಿಡಿದುಕೊಂಡು ನಕ್ಕ. ಪಕ್ಕದ ಕಾರಿನವರೂ ಏನು ಏನು ಎಂದು ಕೇಳಿ ತಿಳಿದುಕೊಂಡು ನಕ್ಕರು. ನಾನೂ ನಕ್ಕೆ. ಜೋಕು ಚೆನ್ನಾಗಿತ್ತು. ನಾನೇ ಮಾಡಬೇಕಾಗಿದ್ದ ಜೋಕು.

ನನ್ನ ಒಗಟು ಕೇಳಿದ ರಾತ್ರಿಯೇ ಅವನು ಅಂಗೈಯ ಎಂಟನ್ನು ನೆನಪಿಸಿಕೊಂಡಿದ್ದನಂತೆ. ಮಾರನೇ ದಿನ ಅಂಗಡಿಗೆ ಹೋಗಿ ಎರಡೂ ಎಂಟನ್ನು ಪಕ್ಕಪಕ್ಕ ಇಟ್ಟು ನೋಡಿದನಂತೆ. ಅದೇ ವಾರ ಪೈಪು ಬದಲಾಗಿತ್ತು. ಚೀಲ ಹಾಕಿದ್ದು ನನಗೆ ಕಾಣಬಾರದು ಅಂತ.

ಆರ್ಡಿತಮ್ಮ ನಗುತ್ತಿರಲಿಲ್ಲ. "ಇವ್ನು ಜುಲೈನಲ್ಲೇ ನಿನ್ ಕೊರಳಪಟ್ಟಿ ಹಿಡೀತೀನಿ ಅಂತ ಎದ್ದಿದ್ದ. ನಾನೇ ಕೂರಿಸ್ದೆ. ಮರ್ಲ್‌ದು ಬಾಯಿ ಹಂಗೆ, ನಗಿಸ್ತಾ ನಗಿಸ್ತಾ ತಾನೇ ಹೇಳ್ತಾನೆ, ಕಾಯಿರಿ ಅಂದೆ. ಒಬ್ಬೊಬ್ರೂ ಬಂದು ಬಾಯಿ ಬಿಟ್ಟು ಕೇಳಿದ್ವಲ್ಲೋ ನಿನ್ನ. ನಾನೂ ಕೇಳ್ದೆ."

ನಾನು ಏನೋ ಒಂದು ಹೇಳಲು ಹೊರಟೆ.

"ಆ ಮಣ್ಣಿನ ಮೂಟೆ ಯಾಕೆ ತಂದೆ ಅಣ್ಣ?" ಎಂದ ಕೋಯ್.

ಯಾವುದಕ್ಕೂ ಒಂದು ಮಾತು ನನ್ನ ಬಾಯಲ್ಲಿ ಇದ್ದೇ ಇರುತ್ತದೆ. ಹುಡುಕಿದೆ. ಇರಲಿಲ್ಲ.

ಓಪಲ್ ಐಸ್ ಪೆಟ್ಟಿಗೆಯ ಮೇಲೆ ಕೂತಿದ್ದಳು. ನಿನಗೂ ಗೊತ್ತಿತ್ತಾ ಎಂದೆ. ಟ್ವೈಲಾ ಜುಲೈನಲ್ಲೇ ಹೇಳಿದ್ದಳಂತೆ. ನಂಬದೆ ತಂಗಿಯ ಜೊತೆ ಜಗಳ ಆಡಿ, ಫೋನು ಇಟ್ಟು, ಎರಡು ತಿಂಗಳು ಮಾತು ಬಿಟ್ಟಿದ್ದಳಂತೆ. ನನಗೆ ಗೊತ್ತೇ ಆಗಿರಲಿಲ್ಲ. ಇವತ್ತು ಬೆಳಿಗ್ಗೆ ಅವಳು ಕೇಳಿದ್ದು ತಂಗಿಯ ಸಲುವಾಗಿ ಅಲ್ಲ, ಆ ನಿದ್ದೆಯ ಮಾತು ಬರೀ ನೆಪ; ನಾನು ಈಗಲಾದರೂ ಹೇಳುತ್ತೇನಾ ಎಂದು ನೋಡಲು.

ಆರ್ಡಿತಮ್ಮ ನನ್ನನ್ನು ಓಡಿಸಲಿಲ್ಲ, ಅದನ್ನೂ ಬರೆಯಬೇಕು. ಹೊರಡುವಾಗ ಭುಜ ತಟ್ಟಿದರು. "ಶನಿವಾರ ಶನಿವಾರ ಬಾ. ಉಪಕರಣ ಮಾತ್ರ ಮುಟ್ಬೇಡ. ಬಂದು ನಗಿಸು, ಅದೇ ನಿನ್ ಕೆಲಸ," ಎಂದರು.

ವಾಪಸು ಬರುವಾಗ ಓಪಲ್ ಟ್ವೈಲಾಳ ಕಾರಿನಲ್ಲಿ ಬಂದಳು. ನಾನು ಮೂಟೆಗಳ ಜೊತೆ ಬಂದೆ.

ಸೆಪ್ಟೆಂಬರ್ 17, ಶನಿವಾರ

ಹೋಗಿದ್ದೆ. ನಗಿಸಿದೆ.

ಅಕ್ಟೋಬರ್ 2, ಭಾನುವಾರ

ನನಗೆ ಹೊಸ ಹೆಸರು ಬಂದಿದೆ. ಎಂಟಣ್ಣ. ಮೈದಾನದ ಮೈಕಿನವನು ಎಂಟಣ್ಣ ಬಂದಿದ್ದಾರೆ, ದಯವಿಟ್ಟು ನಿಮ್ಮ ನಿಮ್ಮ ಪೈಪು ನೋಡಿಕೊಳ್ಳಿ ಅನ್ನುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ನಾನು ಎದ್ದು ರಾಣಿಯ ಹಾಗೆ ಬಗ್ಗುತ್ತೇನೆ. ಮೊದಲಿಗಿಂತ ಜಾಸ್ತಿ ನಗುತ್ತಾರೆ, ಅದು ಖುಷಿ. ಚರ್ಚಿನ ಊಟದಲ್ಲಿ ಪರಿಚಯವೇ ಇಲ್ಲದವನೊಬ್ಬ ನನಗೇ ನನ್ನ ಒಗಟು ಹಾಕಿದ. ಉತ್ತರ ಗೊತ್ತಿಲ್ಲ ಎಂದೆ. ಹೇಳಿಕೊಟ್ಟ.

ನಾನು ಕೆಲಸ ಮಾಡುವ ಗ್ಯಾರೇಜಿನಲ್ಲಿ ಸೈಲೆನ್ಸರ್ ಪೈಪಿನ ಅಳತೆ ಕೂಗಿದರೆ, ಕತ್ತರಿಸುವವನು ಹೂಂ ಅನ್ನುತ್ತಾನೆ, ಆಮೇಲೆ ಟೇಪು ಹಿಡಿದು ತಾನೇ ಇನ್ನೊಮ್ಮೆ ಅಳೆಯುತ್ತಾನೆ. ಅವನಿಗೂ ವಯಸ್ಸಾಯಿತು, ಮರೆವು. ಬಲಗಣ್ಣು ಪೂರ್ತಿ ಹೋಗಿದೆ. ಒಂದು ಕಣ್ಣಿನ ಖರ್ಚು ಉಳಿಯಿತು ಎಂದು ಡಾಕ್ಟರಿಗೆ ಹೇಳಿದೆ.

ಓಪಲ್ ಚೆನ್ನಾಗಿದ್ದಾಳೆ. ಬಾಯಿ ಕಮ್ಮಿಯಾಗಿದೆ. ಮನೆ ಶಾಂತವಾಗಿದೆ.

ಇವತ್ತು ಬೆಳಿಗ್ಗೆ ಒಲೆ ಮುಂದೆ ನಿಂತು, ಎಷ್ಟು ಪ್ಯಾನ್‌ಕೇಕ್ ಎಂದಳು.

"ಎರಡು," ಎಂದೆ.

ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ನಿಜವಾದ ಎರಡಾ?"

ನಾನು ನಕ್ಕೆ. ಅವಳು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು. ಬಾಣಲೆ ಕಾದು ಹೊಗೆ ಬರತೊಡಗಿತು.